ಕಾದು ನಿಂತ ಕನ್ನಡಿಗಳು: ಸೌರ ಉಷ್ಣ ಪರೀಕ್ಷಾ ಕೇಂದ್ರ ನೆಲಕ್ಕೂ ಹಕ್ಕಿಗೂ ಮಾಡುವುದೇನು?

ನಮ್ಮ ಮನೆಯ ಗೇಟಿನೊಳಗೆ ನಿಲ್ಲಿಸುವ ಸ್ಕೂಟರಿನ ಕನ್ನಡಿಗೆ ಬೇಸಿಗೆ ಶುರುವಾದಾಗಿನಿಂದ ಒಂದು ಸೂರಕ್ಕಿ ಬಂದು ಕುಕ್ಕುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಹಾಜರು. ಕನ್ನಡಿಯ ಅಂಚಿನ ಮೇಲೆ ಕೂತು, ಬಗ್ಗಿ ನೋಡಿ, ಒಳಗಿರುವ ಎದುರಾಳಿಯನ್ನು ಕಂಡು ರೇಗಿ, ಟಕ್ ಟಕ್ ಎಂದು ಹೊಡೆಯುವುದು. ಆ ಕಡೆಯವನೂ ಅಷ್ಟೇ ಜೋರಾಗಿ ಹೊಡೆದನೆಂದು ಇನ್ನಷ್ಟು ರೇಗುವುದು. ಕೊನೆಗೆ ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದ ಮೇಲೆ ಜಗಳ ನಿಂತಿತು. ಅಂಗೈಯಗಲದ ಗಾಜಿನ ಮುಂದೆ ಹಕ್ಕಿಯ ಪಾಡು ಇದಾದರೆ, ಎರಡು ಎಕರೆ ಕನ್ನಡಿ ನಿಲ್ಲಿಸಿದ ಕಡೆ ಏನಾದೀತು?

ಎರಡು ಎಕರೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಂಚಿನ ಕರ್ಟ್‌ಲೆಂಡ್ ವಾಯುನೆಲೆಯೊಳಗೆ ಸ್ಯಾಂಡಿಯಾ ಪ್ರಯೋಗಾಲಯದ ರಾಷ್ಟ್ರೀಯ ಸೌರ ಉಷ್ಣ ಪರೀಕ್ಷಾ ಕೇಂದ್ರವಿದೆ. 1973ರ ತೈಲ ಬಿಕ್ಕಟ್ಟಿನ ಬಿಸಿ ಆರುವ ಮೊದಲೇ ಯೋಜನೆ ಹಾಕಿ ಕಟ್ಟಿದ್ದು, 1978ರಿಂದ ನಡೆಯುತ್ತಿದೆ. ನಡುವೆ 61 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರ. ಅದರ ಉತ್ತರಕ್ಕೆ ಇನ್ನೂರಕ್ಕೂ ಮಿಕ್ಕಿ ಹೀಲಿಯೋಸ್ಟಾಟ್‌ಗಳು, ಅಂದರೆ ಸೂರ್ಯನ ಜಾಡು ಹಿಡಿದು ತಿರುಗುವ ಕನ್ನಡಿಗಳು. ಒಂದೊಂದರಲ್ಲೂ 25 ಚೌಕಗಳು, ಒಟ್ಟು 37 ಚದರ ಮೀಟರ್ ಗಾಜು. ಲೆಕ್ಕ ಹಾಕಿ ನೋಡಿ, ಎಂಟು ಸಾವಿರ ಚದರ ಮೀಟರ್ ಆಗುತ್ತದೆ, ಎರಡು ಎಕರೆ. ಕನ್ನಡಿಗಳ ನೆರಳು ಒಂದರ ಮೇಲೊಂದು ಬೀಳಬಾರದಾದ್ದರಿಂದ ಬಿಟ್ಟಿರುವ ಜಾಗ ಇದರ ಹಲವು ಪಟ್ಟು. ಈ ಬಿಸಿಲನ್ನೆಲ್ಲ ಗೋಪುರದ ಒಂದು ಗುರಿಗೆ ತಿರುಗಿಸಿದರೆ ಐದು ಮೆಗಾವ್ಯಾಟಿನಷ್ಟು ಶಾಖ ಸಿಗುತ್ತದೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಆಟವೇ. ಭೂತ ಮಾತ್ರ ದೊಡ್ಡದು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು. ಪಾವಗಡದಲ್ಲಿ ಸಾಲುಸಾಲಾಗಿ ಕಾಣುವ ನೀಲಿ ಹಲಗೆಗಳು ಬೆಳಕನ್ನು ನೇರವಾಗಿ ವಿದ್ಯುತ್ತಾಗಿಸುತ್ತವೆ. ಸೌರ ಉಷ್ಣ ಸ್ಥಾವರ ಹಾಗಲ್ಲ. ಅದು ನಿಮ್ಮ ತಾರಸಿಯ ಮೇಲಿನ ಸೋಲಾರ್ ನೀರುಕಾಯಿಸುವ ಟ್ಯಾಂಕಿನ ಅಣ್ಣ: ಮೊದಲು ಬಿಸಿ, ಆಮೇಲೆ ಆ ಬಿಸಿಯಿಂದ ಉಗಿ, ಉಗಿಯಿಂದ ಟರ್ಬೈನು. ಲಾಭವೆಂದರೆ ಬಿಸಿಯನ್ನು ಕೂಡಿಟ್ಟು ರಾತ್ರಿಗೂ ಬಳಸಬಹುದು. ತೊಂದರೆಯೆಂದರೆ ಆ ಬಿಸಿಯನ್ನು ಹೊತ್ತೊಯ್ಯಲು ಎಣ್ಣೆಯೋ ಉಪ್ಪೋ ಲೋಹವೋ ಬೇಕು, ತಣಿಸಲು ನೀರು ಬೇಕು. ಪರಿಸರದ ತಕರಾರಿನ ಒಂದು ಪಾಲು ಹುಟ್ಟುವುದು ಇಲ್ಲಿಂದಲೇ.

ಇನ್ನು ಪರೀಕ್ಷಾ ಕೇಂದ್ರವಂತೂ ಸ್ಥಾವರಕ್ಕಿಂತ ಬೇರೆಯೇ ಪ್ರಾಣಿ. ಸ್ಥಾವರದ ಕೆಲಸ ದಿನವೂ ಒಂದೇ. ಪರೀಕ್ಷಾ ಕೇಂದ್ರದಲ್ಲಿ ಇವತ್ತು ಉಗಿಯ ರಿಸೀವರ್ (ಕನ್ನಡಿಗಳು ಕಳಿಸಿದ ಬಿಸಿಲನ್ನು ಹೀರಿಕೊಳ್ಳುವ ಭಾಗ), ಮುಂದಿನ ವರ್ಷ ಕರಗಿದ ಉಪ್ಪು, ಅದಾದ ಮೇಲೆ ಬಾಹ್ಯಾಕಾಶ ನೌಕೆಯ ಶಾಖಕವಚ. ಶುರು ಮಾಡು, ನಿಲ್ಲಿಸು, ಕಾದಿರು, ಬಿಚ್ಚು, ಬೇರೆಯದನ್ನು ಕೂಡಿಸು. ಅದರ ಅಪಾಯವನ್ನು ಎಕರೆ ಲೆಕ್ಕದಲ್ಲಿ ಅಳೆದರೆ ಏನೂ ಇಲ್ಲವೆನಿಸುತ್ತದೆ. ಅಪಾಯವಿರುವುದು ಆ ಶುರುವಾತು, ನಿಲುಗಡೆ, ಕಾಯುವಿಕೆಗಳಲ್ಲಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದೇ, ಮತ್ತು ಕಾಗದದ ಮೇಲಿನ ಪರಿಣಾಮ ಅಂದಾಜುಗಳಲ್ಲಿ ಸುಲಭವಾಗಿ ಜಾರಿಹೋಗುವುದೂ ಇದೇ.

ಆದರೂ ನೆಲದಿಂದಲೇ ಶುರು ಮಾಡೋಣ. ಜೆಸಿಬಿ ಮೊದಲು ಮುಟ್ಟುವುದು ಅದನ್ನೇ.

ಆಲ್ಬುಕರ್ಕಿಯಲ್ಲಿ ವರ್ಷಕ್ಕೆ ಬೀಳುವ ಮಳೆ 22–23 ಸೆಂಟಿಮೀಟರ್. ಅದರಲ್ಲಿ ದೊಡ್ಡ ಪಾಲು ಜುಲೈ–ಸೆಪ್ಟೆಂಬರಿನ ಗುಡುಗು ಮಳೆಯಲ್ಲೇ ಸುರಿದುಹೋಗುತ್ತದೆ. ಅಲ್ಲಿಯವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ, ನಮ್ಮ ಮುಂಗಾರಿನ ಕಾಲೆಳೆದಂತೆ. ಇಂಥ ಒಣಸೀಮೆಯ ಮಣ್ಣಿನ ಮೇಲೆ ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಹೆಣೆದ ತೆಳುವಾದ ಹೊದಿಕೆ ಇರುತ್ತದೆ. ನೋಡಲು ಬರೀ ಕರಿಮಣ್ಣಿನ ಹೊಪ್ಪಳೆ. ಆದರೆ ಗಾಳಿಗೆ ಧೂಳೇಳದಂತೆ, ಮಳೆಗೆ ಮಣ್ಣು ಕೊಚ್ಚದಂತೆ ಹಿಡಿದಿಡುವುದು ಅದೇ. ಲಾರಿಯ ಗಾಲಿ ಒಮ್ಮೆ ಹರಿದರೆ ಸಾಕು, ಅದು ಪುಡಿ. ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ಕಟ್ಟುವಾಗ ಟ್ಯಾಂಕರಿನಿಂದ ನೀರು ಚಿಮುಕಿಸಿ ಧೂಳು ಅಡಗಿಸುತ್ತಾರೆ ನಿಜ, ಆದರೆ ಅದು ಆವತ್ತಿನ ಧೂಳಿಗೆ ಮಾತ್ರ. ನೆಲ ಮಟ್ಟ ಮಾಡಿದ ಮೇಲೆ ಬಿದ್ದ ಮಳೆ ಇಂಗುವುದು ಕಡಿಮೆಯಾಗಿ ಹರಿಯುವುದು ಹೆಚ್ಚುತ್ತದೆ. ಹಳ್ಳವಿಲ್ಲದ ಕಡೆ ಕೊರಕಲು ಬೀಳುತ್ತದೆ.

ಆ ವಾಯುನೆಲೆಯ ಹುಲ್ಲುಗಾವಲಿನಲ್ಲಿ ಪ್ರೇರಿ ನಾಯಿಗಳಿವೆ. ಹೆಸರಿಗೆ ನಾಯಿ, ಕುಲದಲ್ಲಿ ಅಳಿಲಿನ ನೆಂಟ. ಅವು ತೋಡಿಬಿಟ್ಟ ಬಿಲಗಳಲ್ಲಿ ಪುಟ್ಟ ಗೂಬೆಗಳು ಸಂಸಾರ ಹೂಡುತ್ತವೆ. ಹಗಲಲ್ಲೇ ಬಿಲದ ಬಾಯಲ್ಲಿ ಉದ್ದ ಕಾಲಿನ ಮೇಲೆ ನಿಂತು ಹೋಗಿಬರುವವರನ್ನು ನೋಡುತ್ತವೆ. ಕನ್ನಡಿಯ ಕಂಬ ಹೂಳುವವನಿಗೆ ಬಿಲವೆಂದರೆ ಬರೀ ತೂತು. ಹಾಗೆ ನೋಡಿದರೆ ವಾಯುನೆಲೆಯ ಬೇಲಿ ಈ ಗೂಬೆಗಳಿಗೆ ಒಳ್ಳೆಯದನ್ನೂ ಮಾಡಿದೆ. ಬೇಲಿಯಾಚೆ ನಗರ ಬಡಾವಣೆ ಮಾಡಿಕೊಂಡು ಬಂದಿದೆ, ಒಳಗೆ ಇನ್ನೂ ಹುಲ್ಲಿದೆ.

ಖಾಲಿ ಜಾಗ ಎಂಬ ಮಾತು ಕೇಳಿದಾಗ ಚಿತ್ರದುರ್ಗ ಜಿಲ್ಲೆಯವರಿಗೆ ಚಳ್ಳಕೆರೆ ನೆನಪಾಗದೆ ಇರದು. ಅಲ್ಲಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿದಾಗ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿತು, ಒಂದು ಖಾಸಗಿ ಸೋಲಾರ್ ಕಂಪನಿಗೂ ಪಾಲು ಹೋಯಿತು. ಕಡತದಲ್ಲಿ ಅದು ಉಪಯೋಗವಿಲ್ಲದ ನೆಲ. ಸುತ್ತಲ ಊರುಗಳಿಗೆ ಕುರಿ ಮೇಯುವ ಹುಲ್ಲು, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ. ಕೃಷ್ಣಮೃಗಕ್ಕೆ ಓಡಲು ಬಯಲು. ಬೇಲಿ ಬಿದ್ದ ಮೇಲೆ ವಿಷಯ ಹಸಿರು ನ್ಯಾಯಪೀಠದ ತನಕ ಹೋಯಿತು. ನ್ಯೂ ಮೆಕ್ಸಿಕೊಗೂ ಚಳ್ಳಕೆರೆಯ ನಾಯಕನಹಟ್ಟಿ ಸೀಮೆಗೂ ಸಾಮ್ಯ ಇಷ್ಟೇ: ಮರ ಇಲ್ಲದ ನೆಲವನ್ನು ಸರ್ಕಾರಗಳು ಜೀವ ಇಲ್ಲದ ನೆಲವೆಂದು ಓದಿಕೊಳ್ಳುತ್ತವೆ. ವ್ಯತ್ಯಾಸವೂ ಒಂದಿದೆ. ಅಮೆರಿಕದಲ್ಲಿ 1970ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಸಂಸ್ಥೆಯೇ ಕಟ್ಟುವುದಾದರೂ ಪರಿಸರದ ಮೇಲೇನಾದೀತೆಂದು ಮೊದಲೇ ನೋಡಿ, ಗಂಭೀರವೆನಿಸಿದರೆ ವಿವರವಾಗಿ ಬರೆದು ಜನರ ಮುಂದಿಡಬೇಕು. ನಮ್ಮಲ್ಲಿ ಸೋಲಾರ್ ಪಾರ್ಕುಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪೂರ್ವಾನುಮತಿಯೇ ಬೇಕಿಲ್ಲ.

ಮೊದಲೇ ಬರೆದಿಟ್ಟರೂ ಅಂದಾಜು ತಪ್ಪುವುದುಂಟು. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಇವಾನ್‌ಪಾ ಸ್ಥಾವರ ಕಟ್ಟುವಾಗ ಇದ್ದಾವೆಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಮರುಭೂಮಿ ಆಮೆಗಳು ಸಿಕ್ಕವು. ಆ ಆಮೆ ಕಾನೂನಿನ ರಕ್ಷಣೆ ಇರುವ ಜೀವಿ. ಬಾಳಿನ ಬಹುಪಾಲನ್ನು ಬಿಲದೊಳಗೇ ಕಳೆಯುತ್ತದೆ. ಒಣ ವರ್ಷದಲ್ಲಿ ಸರ್ವೆ ಮಾಡಿದವರ ಕಣ್ಣಿಗೆ ಅದು ಬೀಳುವುದಾದರೂ ಹೇಗೆ? 2011ರಲ್ಲಿ ಅಲ್ಲಿ ಕೆಲಸ ಕೆಲಕಾಲ ನಿಲ್ಲಿಸಿ ಆಮೆಗಳನ್ನು ಹಿಡಿದು ಸಾಗಿಸಬೇಕಾಯಿತು. ಅಷ್ಟು ಅನುಭವಿಸಿದರೂ ಅಲ್ಲಿನವರು ಮಾಡಿದ ಒಂದು ಕೆಲಸ ಮೆಚ್ಚಬೇಕಾದ್ದು: ಹೊಲ ಉತ್ತಂತೆ ನೆಲವನ್ನೆಲ್ಲ ಕೆರೆಯದೆ, ಪೊದೆಗಳನ್ನು ಕತ್ತರಿಸಿ ಬೇರು ಉಳಿಸಿ, ಕಂಬವನ್ನು ನೇರ ಮಣ್ಣಿಗಿಳಿಸಿದರು.

ಈಗ ನೀರು. ಉಗಿಯನ್ನು ನೀರಿನಿಂದ ತಣಿಸುವ ಸೌರ ಉಷ್ಣ ಸ್ಥಾವರಕ್ಕೆ ಒಂದು ಮೆಗಾವ್ಯಾಟ್-ಗಂಟೆಗೆ, ಅಂದರೆ ಸಾವಿರ ಯೂನಿಟ್ಟಿಗೆ, ಸುಮಾರು 3,000 ಲೀಟರ್ ಬೇಕು. ಗಾಳಿಯಿಂದ ತಣಿಸಿದರೆ ಅದರ ಹತ್ತನೇ ಒಂದು ಪಾಲು ಸಾಕು, ವಿದ್ಯುತ್ ಸ್ವಲ್ಪ ಕಡಿಮೆ ಹುಟ್ಟುತ್ತದೆ. ಕನ್ನಡಿ ತೊಳೆಯಲು ಬೇಕಾದ್ದು ಇದರ ಮುಂದೆ ಚಿಲ್ಲರೆ. ಆದರೆ ಅದಕ್ಕೆ ಬೋರ್‌ವೆಲ್ ನೀರು ನಡೆಯುವುದಿಲ್ಲ. ಗಡುಸು ನೀರು ಒಣಗಿದರೆ ಸ್ಟೀಲ್ ಲೋಟದ ಮೇಲೆ ಉಳಿಯುವಂಥದೇ ಬಿಳಿ ಕಲೆ ಗಾಜಿನ ಮೇಲೂ ಉಳಿಯುತ್ತದೆ. ಲವಣ ತೆಗೆದ ನೀರೇ ಬೇಕು. ತೆಗೆದ ಲವಣ ಎಲ್ಲೋ ಒಂದು ಕೊಳದಲ್ಲಿ ಆವಿಯಾಗುತ್ತ ಕೂರಬೇಕು. ಮರುಭೂಮಿಯಲ್ಲಿ ಕೊಳ ಕಂಡರೆ ಹಕ್ಕಿ ಬರದಿರುತ್ತದೆಯೆ? ಈ ಎಳೆ ಮುಂದೆ ಬರುತ್ತದೆ.

ಪರೀಕ್ಷಾ ಕೇಂದ್ರದ ವಿಚಿತ್ರ ಏನೆಂದರೆ, ಇಷ್ಟೆಲ್ಲ ಮಾಡಿ ಹಿಡಿದ ಬಿಸಿಯನ್ನು ಅದು ಹೆಚ್ಚಾಗಿ ಚೆಲ್ಲಿಬಿಡುತ್ತದೆ. ಅಲ್ಲಿ ಪರೀಕ್ಷೆಗಿರುವುದು ರಿಸೀವರ್ ಎಷ್ಟು ತಡೆಯುತ್ತದೆ, ಎಷ್ಟು ಹೀರುತ್ತದೆ ಎಂಬುದು. ಹೀರಿದ್ದನ್ನು ತಣಿಸಿ ಗಾಳಿಗೆ ಬಿಟ್ಟು ನಾಳೆ ಮತ್ತೆ ಮೊದಲಿನಿಂದ. ಊರಿಗೆ ಒಂದು ಬಲ್ಬೂ ಉರಿಯದು. ಬದಲಿಗೆ ಪಂಪು, ಕನ್ನಡಿ ತಿರುಗಿಸುವ ಮೋಟಾರು, ಕಂಪ್ಯೂಟರಿಗೆಂದು ಇವರೇ ಕರೆಂಟ್ ಬಿಲ್ ಕಟ್ಟುತ್ತಾರೆ. ಸಿಮೆಂಟು, ಉಕ್ಕು, ಗಾಜು ತಯಾರಾಗುವಾಗ ಗಾಳಿಗೆ ಸೇರಿದ ಇಂಗಾಲವನ್ನು ಒಂದು ಸ್ಥಾವರ ತಾನು ಹುಟ್ಟಿಸುವ ವಿದ್ಯುತ್ತಿನಿಂದ ತೀರಿಸಿಕೊಳ್ಳುತ್ತದೆ. ಪರೀಕ್ಷಾ ಕೇಂದ್ರ ಆ ಸಾಲವನ್ನು ಸ್ವಂತ ದುಡಿಮೆಯಿಂದ ತೀರಿಸುವುದಿಲ್ಲ. ಅಲ್ಲಿ ಕಲಿತದ್ದನ್ನು ಬೇರೆಯವರು ಸರಿಯಾಗಿ ಬಳಸಿಕೊಂಡರೆ ತೀರಿತು, ಇಲ್ಲವಾದರೆ ಇಲ್ಲ.

ಮತ್ತೆ ಕನ್ನಡಿಗೆ ಬರೋಣ. ಒಂದು ದಿನದ ಕೆಲಸ ಹೇಗೆ ಶುರುವಾಗುತ್ತದೆಂದು ಸ್ವಲ್ಪ ನಿಧಾನವಾಗಿ ನೋಡಿದರೆ ಅಪಾಯ ಎಲ್ಲಿದೆಯೆಂದು ತಾನೇ ಕಾಣುತ್ತದೆ. ಕೆಲಸವಿಲ್ಲದಾಗ ಕನ್ನಡಿಗಳು ಯಾರ ಮೇಲೂ ಕಿರಣ ಬೀಳದ ಭಂಗಿಯಲ್ಲಿರುತ್ತವೆ. ಬೆಳಿಗ್ಗೆ ಅವನ್ನು ಎಬ್ಬಿಸಿ ಗುರಿಯ ಕಡೆ ತಿರುಗಿಸಬೇಕು. ಒಂದು ಕನ್ನಡಿಯ ಕಿರಣ ತೀರಾ ಅಪಾಯವಲ್ಲ, ಕಣ್ಣಿಗೆ ಬಿದ್ದರೆ ಮಾತ್ರ ಕೆಟ್ಟದ್ದು. ನೂರು ಕಿರಣ ದಾರಿಯಲ್ಲೆಲ್ಲೋ ಒಂದೇ ಕಡೆ ಕೂಡಿದರೆ ಅಲ್ಲಿರುವುದು ಸುಡುತ್ತದೆ. ಆದ್ದರಿಂದ ಅವನ್ನು ನೇರ ರಿಸೀವರಿಗೆ ಹಾಯಿಸದೆ, ಮೊದಲು ಗೋಪುರದ ಪಕ್ಕದ ಖಾಲಿ ಗಾಳಿಯಲ್ಲಿ ಗುರುತಿಸಿದ ಒಂದು ಜಾಗಕ್ಕೆ ತಂದು ಕಾದಿರುವಂತೆ ನಿಲ್ಲಿಸುತ್ತಾರೆ. ಮೋಡ ಬಂದರೆ ಕಾಯುವುದು. ಪಂಪು ಕೈಕೊಟ್ಟರೆ ಕಾಯುವುದು. ಇಂಜಿನಿಯರು ಮಾಪಕ ಸರಿಮಾಡುವ ತನಕ ಕಾಯುವುದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕರೆಂಟ್ ಹೋಗಿ ಕನ್ನಡಿ ಇದ್ದಲ್ಲೇ ನಿಂತರೆ ಕಿರಣ ಮೆಲ್ಲಗೆ ಗುರಿ ಬಿಟ್ಟು ಗೋಪುರದ ಮೈಮೇಲೋ ಕೇಬಲ್ಲಿನ ಮೇಲೋ ಹರಿದಾಡತೊಡಗುತ್ತದೆ. ಅದಕ್ಕೇ ಬಿಸಿಲಿನ ಮನೆಯಲ್ಲೂ ಒಂದು ಡೀಸೆಲ್ ಜನರೇಟರ್ ಇಟ್ಟಿರುವುದು.

ಗಾಳಿಯಲ್ಲಿ ಕೂಡಿದ ಆ ಬೆಳಕು ಎಷ್ಟು ಬಿಸಿಯೆಂದು ನೋಡಿದರೆ ಗೊತ್ತಾಗುವುದಿಲ್ಲ. ಹಾರುವ ಹಕ್ಕಿಗೂ ಗೊತ್ತಾಗುವುದಿಲ್ಲ.

ಇದನ್ನು ಎಣಿಸಿ ನೋಡಿದ ಮೊದಲ ಕೆಲಸ ನಡೆದದ್ದು 1980ರ ದಶಕದಲ್ಲಿ, ಮೊಹಾವೆಯ ಸೋಲಾರ್ ಒನ್ ಎಂಬ 10 ಮೆಗಾವ್ಯಾಟಿನ ಪ್ರಾಯೋಗಿಕ ಸ್ಥಾವರದಲ್ಲಿ. 1,818 ಕನ್ನಡಿಗಳ ಅಡಿಯಲ್ಲಿ 40 ವಾರ ಹುಡುಕಿದವರಿಗೆ 26 ಜಾತಿಯ 70 ಸತ್ತ ಹಕ್ಕಿಗಳು ಸಿಕ್ಕವು. ಎಲ್ಲವೂ ಸುಟ್ಟು ಬಿದ್ದವೆಂದುಕೊಂಡರೆ ತಪ್ಪು. 57 ಹಕ್ಕಿಗಳು, ನೂರಕ್ಕೆ ಎಂಬತ್ತು, ಕನ್ನಡಿಗೆ ಢಿಕ್ಕಿ ಹೊಡೆದು ಸತ್ತಿದ್ದವು. ಸುಟ್ಟವು 13. ಸುಟ್ಟವುಗಳಲ್ಲಿ ಹೆಚ್ಚಿನವು ಹಾರುತ್ತಲೇ ಹುಳ ಹಿಡಿಯುವ ಕವಲುತೋಕೆ, ಬಾನಾಡಿಗಳ ಪೈಕಿಯವು. ಬೆಳಕಿಗೆ ಹುಳ, ಹುಳಕ್ಕೆ ಹಕ್ಕಿ. ಢಿಕ್ಕಿ ಹೊಡೆದವುಗಳ ಕತೆ ನಮ್ಮ ಸೂರಕ್ಕಿಯದಲ್ಲ; ಅವಕ್ಕೆ ಎದುರಾಳಿ ಕಾಣಲಿಲ್ಲ, ಆಕಾಶ ಕಂಡಿತು. ಪಕ್ಕದಲ್ಲಿ ಆವಿಕೊಳಗಳೂ ನೀರಾವರಿ ಹೊಲಗಳೂ ಇದ್ದದ್ದು ಹಕ್ಕಿಗಳನ್ನು ಅತ್ತ ಕರೆದಿತ್ತು. ಹಿಂದೆ ಹೇಳಿದ ಕೊಳದ ಎಳೆ ಇದೇ.

ಕಾಯುವ ಹೊತ್ತಿನ ಅಪಾಯ ಕಣ್ಣಿಗೆ ಹೊಡೆದದ್ದು 2015ರ ಜನವರಿಯಲ್ಲಿ. ನೆವಾಡಾದ ಕ್ರೆಸೆಂಟ್ ಡ್ಯೂನ್ಸ್ ಸ್ಥಾವರ ಇನ್ನೂ ವಿದ್ಯುತ್ ಕೊಡತೊಡಗಿರಲಿಲ್ಲ, ಪರೀಕ್ಷೆಯಷ್ಟೇ ನಡೆಯುತ್ತಿತ್ತು. ಸಾವಿರಾರು ಕನ್ನಡಿಗಳ ಕಿರಣವನ್ನು ಗೋಪುರದ ಮೇಲಿನ ಬರೀ ಗಾಳಿಯಲ್ಲಿ ಒಂದೆಡೆ ಕೂಡಿಸಿ ಗಂಟೆಗಟ್ಟಲೆ ಇಟ್ಟಿದ್ದರು. ಆವತ್ತು ನೂರಕ್ಕೂ ಹೆಚ್ಚು ಹಕ್ಕಿಗಳು ಆ ಬೆಳಕಿನುಂಗುರಕ್ಕೆ ಹಾರಿ, ಹೊಗೆಯ ಗೆರೆ ಎಳೆದು ಬಿದ್ದವು. ಪರಿಹಾರಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಕಾಯುವಾಗ ಎಲ್ಲ ಕನ್ನಡಿಗಳೂ ಒಂದೇ ಬಿಂದುವನ್ನು ನೋಡದಂತೆ, ಎಲ್ಲೂ ಬಿಸಿಲು ಸಹಜದ ನಾಲ್ಕು ಪಟ್ಟು ಮೀರದಂತೆ ಗುರಿಗಳನ್ನು ಚದುರಿಸಿದರು. ಬದಲಾಯಿಸಿದ್ದು ಕಂಪ್ಯೂಟರಿನ ಆದೇಶ, ಅಷ್ಟೇ.

ಅದೇ ಕಾಯುವ ಕನ್ನಡಿಗಳು ಮೇಲೆ ಹಾರುವ ಇನ್ನೊಂದು ಬಗೆಯ ಹಕ್ಕಿಗೂ ಕಾಟ ಕೊಟ್ಟವು. 2013ರಲ್ಲಿ ಇವಾನ್‌ಪಾ ಮೇಲೆ ಹಾದ ವಿಮಾನ ಪೈಲಟ್‌ಗಳು ಕಣ್ಣು ಕೋರೈಸುತ್ತಿದೆಯೆಂದು ದೂರಿದರು. ಸ್ಯಾಂಡಿಯಾದವರೇ ಹೆಲಿಕಾಪ್ಟರಿನಲ್ಲಿ ಹೋಗಿ ಅಳೆದು ನೋಡಿದಾಗ ಮುಖ್ಯ ತಪ್ಪಿತಸ್ಥ ಗೋಪುರದ ತುದಿಯಲ್ಲಿ ಉರಿಯುವ ರಿಸೀವರ್ ಅಲ್ಲ, ಕೆಲಸವಿಲ್ಲದೆ ಕಾದು ನಿಂತ ಕನ್ನಡಿಗಳೆಂದು ಗೊತ್ತಾಯಿತು. ಆಲ್ಬುಕರ್ಕಿಯ ನಾಗರಿಕ ವಿಮಾನ ನಿಲ್ದಾಣವೂ ಕರ್ಟ್‌ಲೆಂಡ್ ವಾಯುನೆಲೆಯೂ ಒಂದೇ ರನ್‌ವೇಗಳನ್ನು ಹಂಚಿಕೊಂಡಿವೆ. ಅಲ್ಲಿ ಕನ್ನಡಿ ನೆಟ್ಟು ಕೂತವರಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಸಹಜವೇ.

ಗೋಪುರದೊಳಗೆ ಹರಿಯುವುದು ಏನು ಎಂಬುದು ಮುಂದಿನ ಪ್ರಶ್ನೆ. ಬಿಸಿ ಹೊರುವ ದ್ರವ ಆರಿಸುವುದೆಂದರೆ ಯಾವ ತೊಂದರೆ ಬೇಕೆಂದು ಆರಿಸಿದ ಹಾಗೆ. ಸೋಡಿಯಂ ಲೋಹ ಬಿಸಿಯನ್ನು ಅದ್ಭುತವಾಗಿ ಸಾಗಿಸುತ್ತದೆ, ಆದರೆ ನೀರು ಕಂಡರೆ ಸಿಡಿಯುತ್ತದೆ, ಬಿಸಿಯಿದ್ದಾಗ ಗಾಳಿ ಸೋಕಿದರೆ ಹೊತ್ತಿಕೊಳ್ಳುತ್ತದೆ. ಸ್ಪೇನಿನ ಅಲ್ಮೆರಿಯಾ ಬಳಿಯ ತಬೆರ್ನಾಸ್ ಸೌರ ಪರೀಕ್ಷಾ ಕೇಂದ್ರದಲ್ಲಿ 1986ರ ಆಗಸ್ಟಿನಲ್ಲಿ ಸೋಡಿಯಂ ಸೋರಿ ಬೆಂಕಿ ಬಿತ್ತು. ನಡೆಯುತ್ತಿದ್ದದ್ದು ಪರೀಕ್ಷೆಯೂ ಅಲ್ಲ, ಕವಾಟದ ರಿಪೇರಿ. ಅದೇ ಆಗಸ್ಟಿನಲ್ಲಿ ಸೋಲಾರ್ ಒನ್‌ನಲ್ಲಿ ಎಣ್ಣೆ ಮತ್ತು ಜಲ್ಲಿಕಲ್ಲು ತುಂಬಿ ಬಿಸಿ ಕೂಡಿಡುತ್ತಿದ್ದ ಟ್ಯಾಂಕಿಗೂ ಬೆಂಕಿ. ಎಣ್ಣೆಯೊಳಗೆ ಸೇರಿಕೊಂಡ ನೀರು ಉಗಿಯಾಗಿ ಉಬ್ಬಿ ಟ್ಯಾಂಕಿನ ಮಾಡು ಕಿತ್ತಿತ್ತು. ಕಾದ ಎಣ್ಣೆಗೆ ಹಸಿ ಮೆಣಸಿನಕಾಯಿ ಹಾಕಿದವರಿಗೆಲ್ಲ ಇದರ ಭೌತಶಾಸ್ತ್ರ ಗೊತ್ತು. ಉದ್ದ ತೊಟ್ಟಿಯಾಕಾರದ ಕನ್ನಡಿಗಳ ಸ್ಥಾವರಗಳಲ್ಲಿ ಬಳಸುವ ಕೃತಕ ಎಣ್ಣೆ ಸೋರಿದರೆ ನೆಲದ ಮಣ್ಣು ತೆಗೆದು, ಎಣ್ಣೆ ತಿನ್ನುವ ಸೂಕ್ಷ್ಮಜೀವಿ ಬಿಟ್ಟು, ತಿಂಗಳುಗಟ್ಟಲೆ ಮಗುಚಿ ಶುದ್ಧ ಮಾಡಬೇಕು.

ಹಾಗಾಗಿ ಹಲವರು ಉಪ್ಪಿನ ಕಡೆ ಹೊರಳಿದರು. ಅಡುಗೆ ಉಪ್ಪಲ್ಲ, 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೆಟ್ಲುಪ್ಪು ಅಂದರೆ ಪೊಟಾಸಿಯಂ ನೈಟ್ರೇಟ್. ಹೊಲಕ್ಕೆ ಹಾಕುವ ಗೊಬ್ಬರದ ಬಂಧುಗಳು. 290ರಿಂದ 565 ಡಿಗ್ರಿ ಸೆಲ್ಸಿಯಸ್ ನಡುವೆ ಇದು ನೀರಿನಂತೆ ಹರಿಯುತ್ತದೆ. ತಾನಾಗಿ ಉರಿಯುವುದಿಲ್ಲ. ಸೋರಿದರೆ ಓಡುವುದಿಲ್ಲ, ಅಲ್ಲೇ ಬಿಳಿ ಬಂಡೆಯಾಗಿ ಕೂರುತ್ತದೆ, ಸಲಿಕೆಯಲ್ಲಿ ಎತ್ತಬಹುದು. ಇಷ್ಟು ಸಾಧು ವಸ್ತು ಮತ್ತೊಂದಿಲ್ಲವೆನ್ನಿಸುತ್ತದೆ, ಮಳೆ ಬರುವ ತನಕ. ನೀರಲ್ಲಿ ಕರಗಿ ಅಂತರ್ಜಲ ಸೇರಿದರೆ ಅದೇ ನೈಟ್ರೇಟ್ ಹಸುಗೂಸಿನ ರಕ್ತದ ಆಮ್ಲಜನಕ ಕಸಿಯುವ ವಿಷ. ನಮ್ಮ ಕುಡಿಯುವ ನೀರಿನ ಮಾನದಂಡ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆನ್ನುವುದು ಇದಕ್ಕೇ. ಇನ್ನೊಂದು ಸೂಕ್ಷ್ಮ: ಉಪ್ಪನ್ನು ಮೊದಲ ಸಲ ಕರಗಿಸುವಾಗ ಅದರಲ್ಲಿ ಮೆಗ್ನೀಸಿಯಂ ನೈಟ್ರೇಟಿನ ಕಲಬೆರಕೆ ಇದ್ದರೆ ಅದು ಒಡೆದು ಕಂದು ಬಣ್ಣದ ಸಾರಜನಕ ಆಕ್ಸೈಡ್ ಹೊಗೆ ಏಳುತ್ತದೆ. ಸ್ಥಾವರದ ಬದುಕಿನಲ್ಲಿ ಮೊದಲ ಕರಗಿಸುವಿಕೆ ಒಂದೇ ಸಲ. ಪರೀಕ್ಷಾ ಕೇಂದ್ರದಲ್ಲಿ ಹೊಸ ಉಪಕರಣಕ್ಕೆ ಹೊಸ ಉಪ್ಪು ಬೇಕಾದಾಗಲೆಲ್ಲ ಮತ್ತೆ ಹೊಸ ಶುರುವಾತು.

ಒಡೆದ ಕನ್ನಡಿಯ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. ಗಾಜು, ಬೆಳ್ಳಿಯ ಪದರ, ತಾಮ್ರ, ಅದರ ಬೆನ್ನಿಗೆ ಬಣ್ಣ. ಹಳೆಯ ಕನ್ನಡಿಗಳ ಆ ಬಣ್ಣದಲ್ಲಿ ಸೀಸ ಇರುತ್ತಿತ್ತು. ಅದನ್ನು ತಿಪ್ಪೆಗೆ ಎಸೆಯುವ ಹಾಗಿಲ್ಲ.

ಈಚೆಗೆ ಆಲ್ಬುಕರ್ಕಿಯವರು ದ್ರವವನ್ನೇ ಬಿಟ್ಟು ಮರಳಿನಂಥ ಸೆರಾಮಿಕ್ ಕಾಳುಗಳಿಗೆ ಕೈ ಹಾಕಿದ್ದಾರೆ. ಗೋಪುರದ ತುದಿಯಿಂದ ಕಾಳುಗಳನ್ನು ತೆಳ್ಳನೆ ಪರದೆಯಂತೆ ಸುರಿಸುವುದು, ಬೀಳುತ್ತಿರುವಾಗಲೇ ಅವಕ್ಕೆ ಕನ್ನಡಿಗಳ ಬಿಸಿಲು ಹೊಡೆಸಿ 700 ಡಿಗ್ರಿಗೂ ಮೇಲೆ ಕಾಯಿಸುವುದು, ಕೆಳಗೆ ಕೂಡಿಟ್ಟು ಮತ್ತೆ ಎತ್ತಿ ಸುರಿಯುವುದು. ಉಪ್ಪಿನ ಹಾಗೆ ಶಾಖಕ್ಕೆ ಒಡೆದು ಬೇರೆ ವಸ್ತುವಾಗುವುದಿಲ್ಲ, ಸೋಡಿಯಂ ಹಾಗೆ ಉರಿಯುವುದಿಲ್ಲ, ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ಕಾಳಿಗೆ ಕಾಳು ಉಜ್ಜಿದರೆ ಪುಡಿ. ರಾಗಿ ಕಣದಲ್ಲಿ ತೂರಿದವರನ್ನು ಕೇಳಿ: ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿ ಹೇಳಿದ ಕಡೆ ಹೋಗುತ್ತದೆ. ರಿಸೀವರಿನ ಬಾಯಿ ಬಿಸಿಲಿಗೆಂದು ತೆರೆದೇ ಇರಬೇಕಲ್ಲ, ಅಲ್ಲಿಂದ ಆ ಹೊಟ್ಟೂ ಹೊರಗೆ ಹಾರುತ್ತದೆ. ಕಣ್ಣಿಗೆ ಕಾಣುವ ಧೂಳಿಗಿಂತ, ಶ್ವಾಸಕೋಶದ ತಳಕ್ಕೆ ಇಳಿಯುವ 2.5 ಮೈಕ್ರಾನಿಗಿಂತ ಸಣ್ಣದರ ಬಗ್ಗೆ ಅವರಿಗೆ ಯೋಚನೆ. ಕಾಳು ಸುರಿಸುವ ದಿನ ಗೋಪುರದ ಮೇಲೂ ಬುಡದಲ್ಲೂ ಗಾಳಿ ಹೀರಿ ಧೂಳು ಎಣಿಸುವ ಪೆಟ್ಟಿಗೆಗಳನ್ನಿಟ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಬರೆದುಕೊಂಡು, ಆಮೇಲಷ್ಟೇ ಕನ್ನಡಿಗಳನ್ನು ಒಂದೊಂದಾಗಿ ಗುರಿಗೆ ತಿರುಗಿಸುತ್ತಾರೆ.